ಹಿಮವೆಲ್ಲ ಒಂದೇ ಅಲ್ಲ

(ಉಪನ್ಯಾಸವೊಂದರ ಬರಹ ರೂಪ)

ಶಾಲೆಯ ಪಾಠಪುಸ್ತಕಗಳಲ್ಲಿ ನಾವೆಲ್ಲ ಎಸ್ಕಿಮೊಗಳ ಚಿತ್ರ ನೋಡಿದ್ದೇವೆ. ಹಿಮದ ಇಟ್ಟಿಗೆಗಳಿಂದ ಕಟ್ಟಿದ ಗುಮ್ಮಟದಂಥ ಮನೆ, ತುಪ್ಪಳದ ಅಂಗಿ, ನಾಯಿಗಳು ಎಳೆಯುವ ಜಾರುಬಂಡಿ. ಆ ಚಿತ್ರ ನಮ್ಮ ತಲೆಯಲ್ಲಿ ಒಂದು ಭಾವನೆಯನ್ನು ಉಳಿಸಿಹೋಗಿದೆ. ಅವರು ಹಿಮದ ಜನ, ಹಿಮ ಎಲ್ಲಿದ್ದರೂ ಅಲ್ಲಿ ಅವರು ಬದುಕಬಲ್ಲರು ಎಂಬುದೇ ಆ ಭಾವನೆ. ನಾವು ಹೀಗೆ ತಿಳಿದುಕೊಂಡರೆ ಯಾರಿಗೂ ದೊಡ್ಡ ನಷ್ಟವಿಲ್ಲ. ಆದರೆ ಒಂದು ಸರ್ಕಾರವೇ ಹೀಗೆ ತಿಳಿದು ಅದರಂತೆ ನಡೆದುಕೊಂಡರೆ? 1953ರಲ್ಲಿ ಕೆನಡಾದಲ್ಲಿ ನಡೆದದ್ದು ಅದೇ.

ನಾವು ಎಸ್ಕಿಮೊ ಎನ್ನುವ ಈ ಜನ ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ಅದಕ್ಕೆ 'ಜನರು' ಎಂದಷ್ಟೇ ಅರ್ಥ. ಹಡ್ಸನ್ ಕೊಲ್ಲಿಯ ಪೂರ್ವ ದಂಡೆಯಲ್ಲಿ, ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ಇನುಕ್ಜುವಾಕ್ ಎಂಬ ಊರಿದೆ. ಸಿನಿಮಾ ಚರಿತ್ರೆ ಬಲ್ಲವರಿಗೆ ಈ ಊರು ಹೊಸದಲ್ಲ. ಜಗತ್ತಿನ ಮೊದಲ ಪ್ರಸಿದ್ಧ ಸಾಕ್ಷ್ಯಚಿತ್ರವೆಂದು ಹೆಸರಾದ, 1922ರಲ್ಲಿ ತೆರೆಕಂಡ 'ನಾನೂಕ್ ಆಫ್ ದಿ ನಾರ್ತ್' ಚಿತ್ರವನ್ನು ರಾಬರ್ಟ್ ಫ್ಲಾಹರ್ಟಿ ತೆಗೆದದ್ದು ಇಲ್ಲಿಯೇ.

ಇಲ್ಲಿನ ಬೇಟೆಗಾರರು ಬಿಳಿನರಿಯ ತುಪ್ಪಳ ಮಾರಿ ಅಂಗಡಿಯಿಂದ ಹಿಟ್ಟು, ಚಹಾ, ಮದ್ದುಗುಂಡು ಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ತುಪ್ಪಳದ ಬೆಲೆ ಕುಸಿಯಿತು, ಜನ ಸರ್ಕಾರದ ನೆರವಿಗೆ ಕೈಚಾಚಬೇಕಾಯಿತು. ಇವರು ಸೋಮಾರಿಗಳಾಗುತ್ತಿದ್ದಾರೆ, ಬೇಟೆ ಹೇರಳವಾಗಿರುವ ಕಡೆಗೆ ಕಳಿಸಿದರೆ ಮತ್ತೆ ಹಳೆಯ ಸ್ವಾವಲಂಬನೆ ಬರುತ್ತದೆ ಎಂದು ಅಧಿಕಾರಿಗಳು ಎಣಿಸಿದರು. ಇದು ಬಾಯಿಬಿಟ್ಟು ಹೇಳಿದ ಕಾರಣ.

ಹೇಳದ ಕಾರಣ ಭೂಪಟದಲ್ಲಿತ್ತು. ಕೆನಡಾದ ಉತ್ತರ ತುದಿಯ ದೊಡ್ಡ ದೊಡ್ಡ ದ್ವೀಪಗಳು ಆಗ ಬಹುತೇಕ ಬರಿದಾಗಿದ್ದವು. ಶೀತಲ ಸಮರದ ಕಾಲ. ಅಮೆರಿಕದವರು ಕೆನಡಾದ ಜೊತೆಗೂಡಿ ಅಲ್ಲಿ ಹವಾಮಾನ ಕೇಂದ್ರಗಳನ್ನೂ ವಿಮಾನದಾಣಗಳನ್ನೂ ಕಟ್ಟಿದ್ದರು. ತನ್ನದೆನ್ನುವ ನೆಲದಲ್ಲಿ ತನ್ನ ಪ್ರಜೆಗಳೇ ಇಲ್ಲವಲ್ಲ ಎಂಬ ಅಳುಕು ಒಟ್ಟಾವಾ ನಗರದ ಆಡಳಿತಗಾರರನ್ನು ಕಾಡುತ್ತಿತ್ತು. ನೆಲದ ಮೇಲಿನ ಹಕ್ಕಿಗೆ ಬಾವುಟಕ್ಕಿಂತ ಮನುಷ್ಯರೇ ಗಟ್ಟಿಯಾದ ಸಾಕ್ಷಿ.

ಊರು ಬಿಡುವಂತೆ ಕೇಳಲು ಬಂದವರು ಪೊಲೀಸರು. ಅಲ್ಲಿ ಪೊಲೀಸನೇ ಸರ್ಕಾರ. ನೆರವಿನ ಹಣವೂ ಅವನ ಕೈಯಲ್ಲೇ. ಇನುಯಿಟ್ ಭಾಷೆಯಲ್ಲಿ 'ಇಲಿರಾ' ಎಂಬ ಮಾತಿದೆ. ಬಲಶಾಲಿಯ ಮುಂದೆ ಉಂಟಾಗುವ, ಭಯವೂ ಸಂಕೋಚವೂ ಬೆರೆತ ಭಾವ ಅದು. ಅಂಥವನು ಕೇಳಿದಾಗ 'ಇಲ್ಲ' ಎನ್ನುವುದು ಸಾಧ್ಯವಿರಲಿಲ್ಲ. ಕಡತದಲ್ಲಿ ಮಾತ್ರ ಇವರು ಒಪ್ಪಿಕೊಂಡೇ ಹೊರಟ ಸ್ವಯಂಸೇವಕರು. ಜನರ ನೆನಪಿನಲ್ಲಿ ಉಳಿದ ಭರವಸೆ ಎರಡು: ಅಲ್ಲಿ ಬೇಟೆ ಸಮೃದ್ಧವಾಗಿದೆ, ಹಿಡಿಸದಿದ್ದರೆ ಎರಡು ವರ್ಷದ ನಂತರ ಮರಳಬಹುದು.

1953ರ ಬೇಸಿಗೆಯಲ್ಲಿ 'ಸಿ.ಡಿ. ಹೋವ್' ಎಂಬ ಹಡಗು ಅವರನ್ನು ಹತ್ತಿಸಿಕೊಂಡಿತು. ಹೋದ ದೂರ ಸುಮಾರು 2000 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗಿರುವಷ್ಟು. ದಾರಿಯಲ್ಲಿ ಪಾಂಡ್ ಇನ್ಲೆಟ್ ಎಂಬಲ್ಲಿಂದ ಇನ್ನೂ ಮೂರು ಕುಟುಂಬಗಳು ಹತ್ತಿದವು. ಉತ್ತರದ ಬದುಕು ಬಲ್ಲ ಅವರು ಇವರಿಗೆ ಕಲಿಸಲಿ ಎಂಬುದು ಅಧಿಕಾರಿಗಳ ಉದ್ದೇಶ. ಎಲ್ಲರೂ ಒಂದೇ ಕಡೆ ಇಳಿಯುತ್ತೇವೆಂದು ಜನ ನಂಬಿದ್ದರು. ಕೊನೆಗೆ ತಿಳಿದದ್ದೇ ಬೇರೆ: ಕೆಲವರು ಎಲ್ಸ್‌ಮಿಯರ್ ದ್ವೀಪದಲ್ಲಿ, ಉಳಿದವರು ಕಾರ್ನ್‌ವಾಲಿಸ್ ದ್ವೀಪದ ರೆಸೊಲ್ಯೂಟ್‌ನಲ್ಲಿ ಇಳಿಯಬೇಕು. ಬಂಧುಗಳು ಬೇರೆಬೇರೆಯಾಗಬೇಕಾದಾಗ ಹೆಂಗಸರು ಅಳತೊಡಗಿದರು, ಅವರೊಂದಿಗೆ ನಾಯಿಗಳೂ ಊಳಿಟ್ಟವು ಎಂದು ಆಗ ಮಗುವಾಗಿದ್ದ ಜಾನ್ ಅಮಾಗೊವಾಲಿಕ್ ಮುಂದೆ ನೆನೆದುಕೊಂಡಿದ್ದಾರೆ.

ಇನ್ನು ಹೊಸ ನೆಲ ಹೇಗಿತ್ತೆಂದು ನೋಡೋಣ. ದಕ್ಷಿಣದ ನಮಗೆ ಉತ್ತರವೆಲ್ಲ ಒಂದೇ ಬಿಳುಪಾಗಿ ಕಾಣುತ್ತದೆ. ಇನುಕ್ಜುವಾಕ್ ಇರುವುದು 58 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಉತ್ತರ ಧ್ರುವವೃತ್ತಕ್ಕಿಂತ ಎಷ್ಟೋ ಕೆಳಗೆ. ಅಲ್ಲಿ ನಡುಚಳಿಗಾಲದಲ್ಲೂ ದಿನಕ್ಕೆ ಕೆಲವು ಗಂಟೆ ಬಿಸಿಲುಂಟು. ಹೊಸ ನೆಲೆಗಳು 74 ಡಿಗ್ರಿಗಿಂತ ಮೇಲೆ. ಅಲ್ಲಿ ನವೆಂಬರ್ ಆರಂಭದಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣುವುದು ಫೆಬ್ರವರಿಯಲ್ಲಿ. ಮೂರು ತಿಂಗಳ ರಾತ್ರಿ! ಹಿಂದೆಂದೂ ಅಂಥ ಕತ್ತಲನ್ನು ಕಾಣದವರು ಆ ಕತ್ತಲಲ್ಲೇ ಬೇಟೆಯಾಡಬೇಕಿತ್ತು. ಜನವರಿಯ ಸರಾಸರಿ ಚಳಿ ಸೊನ್ನೆಗಿಂತ 30 ಡಿಗ್ರಿಗೂ ಕೆಳಗೆ.

ಊಟವೂ ಬದಲಾಯಿತು. ಹುಟ್ಟೂರಿನಲ್ಲಿ ಮೀನು, ಕಾಡುಬಾತು, ಹಕ್ಕಿಯ ಮೊಟ್ಟೆ, ಬೇಸಿಗೆಯಲ್ಲಿ ಪೊದೆಯ ಹಣ್ಣು ಸಿಗುತ್ತಿದ್ದವು. ಇಲ್ಲಿ ಸೀಲ್, ವಾಲ್ರಸ್, ತಿಮಿಂಗಿಲಗಳ ಹಾದಿಯನ್ನು ಹೊಸದಾಗಿ ಕಲಿಯಬೇಕು. ನೆಲದ ಮೇಲಿನ ಮಸ್ಕ್ ಆಕ್ಸ್ ಪ್ರಾಣಿಯನ್ನು ಕೊಲ್ಲಲು ಕಾನೂನಿನ ನಿಷೇಧ, ಕ್ಯಾರಿಬೂ ಜಿಂಕೆಯ ಬೇಟೆಗೂ ಮಿತಿ. ಬೇಟೆ ಸಮೃದ್ಧ ಎಂದು ಕರೆತಂದವರೇ ಬೇಟೆಗೆ ಬೇಲಿ ಹಾಕಿದ್ದರು.

ಇನ್ನೊಂದು ವಿಚಿತ್ರವಿದೆ. ಆ ದ್ವೀಪಗಳು ನಿಜಕ್ಕೂ ಶೀತದ ಮರುಭೂಮಿ. ವರ್ಷವಿಡೀ ಬೀಳುವ ಹಿಮವನ್ನೂ ಮಳೆಯನ್ನೂ ಸೇರಿಸಿದರೆ 200 ಮಿಲಿಮೀಟರ್ ಆಗುವುದಿಲ್ಲ. ನಮ್ಮ ಚಿತ್ರದುರ್ಗದ ಬರದ ಸೀಮೆಯಲ್ಲೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಹಿಮದ ಮನೆ ಕಟ್ಟಲು ಗಾಳಿಗೆ ಗಟ್ಟಿಯಾದ, ಕತ್ತರಿಸಲು ಬರುವ ಹಿಮ ಬೇಕು. ಅದು ಕೂಡಿಬರುವ ತನಕ ಆ ಚಳಿಯಲ್ಲಿ ಅವರ ಆಸರೆ ಬಟ್ಟೆಯ ಡೇರೆ. ಹಿಮದ ಜನರಿಗೆ ಹಿಮವೇ ಸಾಲದೆ ಹೋಯಿತು.

ರೆಸೊಲ್ಯೂಟ್‌ನಲ್ಲಿ ವಾಯುಪಡೆಯ ನೆಲೆಯಿತ್ತು. ಅಲ್ಲಿನವರೊಡನೆ ಬೆರೆಯಲು ಪೊಲೀಸರ ತಡೆ. ಆದರೆ ನೆಲೆಯವರು ತಂದು ಸುರಿಯುವ ಕಸದ ಗುಡ್ಡೆ ಹತ್ತಿರದಲ್ಲೇ ಇತ್ತು. ಹಸಿದವರು ಅಲ್ಲಿ ಅನ್ನ ಹುಡುಕಿದರು. ಒಡೆದ ಹಲಗೆಗಳನ್ನು ಆಯ್ದು ಮನೆ ಕಟ್ಟಿಕೊಂಡರು. ಸ್ವಾವಲಂಬನೆಯ ಯೋಜನೆ ಇಲ್ಲಿಗೆ ಬಂದು ಮುಟ್ಟಿತ್ತು.

1955ರಲ್ಲಿ ಇನ್ನಷ್ಟು ಕುಟುಂಬಗಳನ್ನು ಕಳಿಸಲಾಯಿತು. ಎರಡೂ ಸಲ ಸೇರಿ ಸುಮಾರು 90 ಜನ. ಈ ಎರಡನೇ ಗುಂಪಿನಲ್ಲಿ ಜೋಸೆಫೀ ಫ್ಲಾಹರ್ಟಿ ಎಂಬವರಿದ್ದರು. ಚಿತ್ರ ತೆಗೆಯಲು ಬಂದಿದ್ದ ರಾಬರ್ಟ್ ಫ್ಲಾಹರ್ಟಿಗೆ ಇನುಯಿಟ್ ತಾಯಿಯಲ್ಲಿ ಹುಟ್ಟಿದ ಮಗ. ತಂದೆ ಅವರನ್ನು ಒಮ್ಮೆಯೂ ನೋಡಲಿಲ್ಲ. ಹಿಮದಲ್ಲಿ ನಗುವ ಬೇಟೆಗಾರನ ಚಿತ್ರವನ್ನು ಜಗತ್ತಿಗೆಲ್ಲ ತೋರಿಸಿದವನ ಮಗನೇ, ಅಂಥ ಕಲ್ಪನೆಯ ಫಲವನ್ನು ಉಣ್ಣಬೇಕಾಯಿತು.

ಎರಡು ವರ್ಷ ಕಳೆಯಿತು. ಮರಳುತ್ತೇವೆ ಎಂದವರಿಗೆ ಹಡಗು ಬರಲಿಲ್ಲ. ಬದಲಿಗೆ ನಿಮ್ಮ ಬಂಧುಗಳನ್ನೇ ಇಲ್ಲಿಗೆ ಕರೆಸಿಕೊಳ್ಳಿ ಎಂಬ ಸಲಹೆ ಬಂತು. ಅವರು ಆ ನೆಲವನ್ನು ಕಲಿತರು. ಎಲ್ಲಿ ಮಂಜುಗಡ್ಡೆ ತೆಳು, ಎಲ್ಲಿ ಸೀಲ್ ಉಸಿರಾಡಲು ಬರುತ್ತದೆ, ಯಾವ ಗಾಳಿಗೆ ಹೊರಡಬಾರದು ಎಂಬುದನ್ನೆಲ್ಲ ಕಷ್ಟಪಟ್ಟು ಅರಿತರು. ತಮ್ಮ ಹೊಸ ಊರುಗಳಿಗೆ ಅವರು ಕೊಟ್ಟ ಹೆಸರು ಕೇಳಿ. ರೆಸೊಲ್ಯೂಟ್‌ಗೆ 'ಕೌಸುಯಿಟ್ಟುಕ್', ಬೆಳಗಾಗದ ಜಾಗ. ಎಲ್ಸ್‌ಮಿಯರ್‌ನ ಗ್ರೀಸ್ ಫಿಯೋರ್ಡ್‌ಗೆ 'ಔಯುಯಿಟ್ಟುಕ್', ಎಂದೂ ಕರಗದ ಜಾಗ. ಆ ಹೆಸರುಗಳೇ ಅವರ ಅಹವಾಲು.

1980ರ ದಶಕದಲ್ಲಿ ಅವರು ನ್ಯಾಯ ಕೇಳತೊಡಗಿದರು. 1989ರಲ್ಲಿ ಸರ್ಕಾರ ನೆರವಾದಾಗ ಸುಮಾರು 40 ಮಂದಿ ಹುಟ್ಟೂರಿಗೆ ಮರಳಿದರು. ಆದರೆ ಮೂವತ್ತೈದು ವರ್ಷಗಳಲ್ಲಿ ಮಕ್ಕಳು ಮೊಮ್ಮಕ್ಕಳು ಉತ್ತರದಲ್ಲೇ ಬೇರು ಬಿಟ್ಟಿದ್ದರು. ಹೀಗೆ ಮರಳುವುದೂ ಇನ್ನೊಂದು ಅಗಲಿಕೆಯಾಯಿತು. 1994ರಲ್ಲಿ ರಾಜಮನೆತನದ ಹೆಸರಿನ ತನಿಖಾ ಆಯೋಗ, ಅಂದರೆ ರಾಯಲ್ ಕಮಿಷನ್, ತನ್ನ ವರದಿ ಕೊಟ್ಟಿತು. ಜನರ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ, ಭೂಮಿಯ ಮೇಲಿನ ಹಕ್ಕಿನ ಚಿಂತೆಯೂ ಈ ಸ್ಥಳಾಂತರದ ಹಿಂದೆ ಇತ್ತು ಎಂದು ಅದು ಹೇಳಿತು. 1996ರಲ್ಲಿ 1 ಕೋಟಿ ಡಾಲರುಗಳ ನಿಧಿ ಸ್ಥಾಪನೆಯಾಯಿತು. ಕ್ಷಮೆ ಮಾತ್ರ ಬಂದದ್ದು 2010ರ ಆಗಸ್ಟ್ 18ರಂದು, ಸಚಿವ ಜಾನ್ ಡಂಕನ್ ಅವರು ಇನುಕ್ಜುವಾಕ್‌ಗೇ ಬಂದು ಕೇಳಿದಾಗ. ಉತ್ತರದಲ್ಲಿ ಕೆನಡಾದ ಇರವನ್ನು ಈ ಊರುಗಳು ಬಲಪಡಿಸಿವೆ ಎಂಬುದನ್ನೂ ಸರ್ಕಾರ ಅಂದೇ ಒಪ್ಪಿಕೊಂಡಿತು. ಆ ಹೊತ್ತಿಗೆ ಹಡಗು ಹತ್ತಿದ ಹಿರಿಯರಲ್ಲಿ ಬಹುಪಾಲು ಜನ ಇರಲಿಲ್ಲ. ಹಡಗಿನ ಅಳುವನ್ನು ನೆನೆದುಕೊಂಡ ಆ ಬಾಲಕ ಅಮಾಗೊವಾಲಿಕ್, 1999ರಲ್ಲಿ ಇನುಯಿಟ್ ಜನರಿಗಾಗಿ ರೂಪುಗೊಂಡ ನುನಾವುಟ್ ಪ್ರದೇಶದ ಪಿತಾಮಹ ಎಂದು ಹೆಸರಾದರು.

ಮಿತ್ರರೇ, ಜನರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯೋಜನೆಗಳಲ್ಲಿ 'ಇವರಿಗೆ ಇದು ಅಭ್ಯಾಸವೇ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಚಳಿಯನ್ನು ಬಲ್ಲ ಜ್ಞಾನ ರಕ್ತದಲ್ಲಿ ಬರುವುದಿಲ್ಲ. ಅದು ಒಂದು ಕೊಲ್ಲಿಯ, ಒಂದು ದಂಡೆಯ, ಒಂದು ಬಗೆಯ ಗಾಳಿಯ ಜ್ಞಾನ; ಅಜ್ಜ ಮೊಮ್ಮಗನಿಗೆ ತೋರಿಸಿಕೊಟ್ಟದ್ದು. ಮನುಷ್ಯರನ್ನು ಹಡಗಿನಲ್ಲಿ ಸಾಗಿಸಬಹುದು, ಅದನ್ನು ಸಾಗಿಸಲಾಗದು.

2010ರಲ್ಲೇ ಆ ಎರಡು ಊರುಗಳಲ್ಲಿ ಎರಡು ಕಲ್ಲಿನ ಸ್ಮಾರಕಗಳು ನಿಂತವು. ಕಡೆದವರು ಅಲ್ಲಿಯವರೇ ಆದ ಲೂಟಿ ಪಿಜಮಿನಿ ಮತ್ತು ಸಿಮಿಯೋನಿ ಅಮಾಗೊವಾಲಿಕ್. ಗ್ರೀಸ್ ಫಿಯೋರ್ಡ್‌ನಲ್ಲಿ ಒಬ್ಬ ಹೆಂಗಸು, ಒಬ್ಬ ಹುಡುಗ, ಒಂದು ನಾಯಿ. ಅವಳ ನೋಟ ರೆಸೊಲ್ಯೂಟ್ ಕಡೆಗೆ. ರೆಸೊಲ್ಯೂಟ್‌ನಲ್ಲಿ ಒಂಟಿ ಗಂಡಸು. ಅವನ ನೋಟ ಗ್ರೀಸ್ ಫಿಯೋರ್ಡ್ ಕಡೆಗೆ. ನಡುವೆ ಸುಮಾರು 400 ಕಿಲೋಮೀಟರ್ ಮಂಜುಗಡ್ಡೆಯ ಸಮುದ್ರ.