ಕೀಟದ ಚಿತ್ರ: ಇದ್ದಲ್ಲಿಯೇ, ಇದ್ದಂತೆಯೇ



ಕೊಟ್ಟೂರು, ಕೂಡ್ಲಿಗಿ ಸೀಮೆಯ ಕುರುಚಲು ಗುಡ್ಡಗಳನ್ನು ಬರಡೆಂದು, ಬೀಳೆಂದು ಕರೆಯುವುದು ರೂಢಿಯಾಗಿದೆ. ಆ ಬೀಳಿನ ಒಂದು ಎಕ್ಕದ ಗಿಡದ ಮುಂದೆ ಕ್ಯಾಮೆರಾ ಹಿಡಿದು ಕುಳಿತವರಿಗೆ ಈ ಮಾತು ಸುಳ್ಳೆಂಬುದು ತಿಳಿಯುತ್ತದೆ. ಹಳದಿ, ನೀಲಿ ಪಟ್ಟೆಗಳ ಮಿಡತೆ ಅದರ ಎಲೆಯನ್ನು ಮೇಯುತ್ತದೆ. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಅದೇ ಎಲೆಯನ್ನು ತಿಂದು, ಎಕ್ಕದ ಹಾಲಿನ ವಿಷವನ್ನೇ ಮೈಯಲ್ಲಿ ಕೂಡಿಟ್ಟು ಹಕ್ಕಿಗಳಿಂದ ರಕ್ಷಣೆ ಪಡೆಯುತ್ತದೆ. ಗುಡೇಕೋಟೆಯ ಕರಡಿಗಳ ಹೊಟ್ಟೆ ತುಂಬಿಸುವಲ್ಲಿಯೂ ಗೆದ್ದಲು, ಇರುವೆಗಳ ಪಾಲು ದೊಡ್ಡದು.

ಕ್ಯಾಮೆರಾದ ಸಂವೇದಕದ ಮೇಲೆ ಜೀವಿಯ ನಿಜಗಾತ್ರದಷ್ಟೇ ಬಿಂಬ ಮೂಡಿಸುವುದನ್ನು ಮ್ಯಾಕ್ರೋ ಛಾಯಾಗ್ರಹಣ ಎನ್ನುತ್ತಾರೆ. ಇಷ್ಟು ಸಮೀಪದಲ್ಲಿ ಸ್ಪಷ್ಟವಾಗಿ ಕಾಣುವ ಭಾಗದ ಆಳ ಕೆಲವೇ ಮಿಲಿಮೀಟರು, ಹಲವೊಮ್ಮೆ ಅದಕ್ಕಿಂತಲೂ ಕಡಿಮೆ. ತುಸು ಗಾಳಿ ಬೀಸಿದರೂ ಚಿತ್ರ ಕೆಡುತ್ತದೆ. ಆದ್ದರಿಂದ ಬೆಳಗಿನ ಹೊತ್ತೇ ಪ್ರಶಸ್ತ. ಬಿಸಿಲೇರಿ ಮೈ ಕಾಯುವವರೆಗೆ ಕೀಟಗಳ ಚಲನೆ ಮಂದವಾಗಿರುತ್ತದೆ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮಸೂರದಿಂದಲೂ ಆರಂಭಿಸಬಹುದು.

ಇದು ಕೇವಲ ಹವ್ಯಾಸವಲ್ಲ. ಅಮೆರಿಕ ಖಂಡಗಳ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರದಂಥ ಗುರುತು, ಹಿಂಬದಿಯಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ: ಇವೇ ಅದರ ಲಕ್ಷಣಗಳು. ಒಂದು ಸ್ಪಷ್ಟ ಚಿತ್ರವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ವಿಚಾರಿಸಬಹುದು. ಗುಲಗಂಜಿ ಹುಳುವಿನ ಮರಿಯ ಕಥೆ ಇದಕ್ಕೆ ವ್ಯತಿರಿಕ್ತ. ಮುಳ್ಳುಮುಳ್ಳಾದ ಅದರ ರೂಪ ಕಂಡು ಪೀಡೆಯೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ಸಸ್ಯಹೇನುಗಳನ್ನು ತಿಂದು ಬೆಳೆಯನ್ನು ಕಾಯುತ್ತದೆ. ಶತ್ರು ಯಾರು, ಮಿತ್ರ ಯಾರು ಎಂದರಿಯದೆ ಸಿಂಪಡಿಸಿದ ಔಷಧಿ ಇಬ್ಬರನ್ನೂ ಕೊಲ್ಲುತ್ತದೆ. ಖರ್ಚು ಮಾತ್ರ ರೈತನದು.

ಚಿತ್ರಕ್ಕಾಗಿ ಕೀಟವನ್ನು ಶೀತಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವ, ಅಂಟು ಹಚ್ಚಿ ಕೂರಿಸುವ ಪದ್ಧತಿಯೂ ಕೆಲವೆಡೆ ಉಂಟು. ಇದು ಹಿಂಸೆ ಮಾತ್ರವಲ್ಲ, ಸುಳ್ಳು ಸಾಕ್ಷ್ಯವೂ ಹೌದು. ಯಾವ ಗಿಡದ ಮೇಲೆ, ಏನು ತಿನ್ನುತ್ತ, ಯಾರಿಗೆ ಆಹಾರವಾಗುತ್ತ ಆ ಜೀವಿ ಬದುಕುತ್ತಿತ್ತೆಂಬುದು ಅಂಥ ಚಿತ್ರದಲ್ಲಿ ಉಳಿಯುವುದಿಲ್ಲ. ನೆರಳು ಬೀಳದಂತೆ ಮೆಲ್ಲನೆ ಸಮೀಪಿಸಬೇಕು. ಕೊಂಬೆ ಮುರಿಯಬಾರದು, ಗೂಡು ಕೆಡವಬಾರದು. ಹಾರಿಹೋದರೆ ಹೋಗಲಿ, ನಾಳೆಯೂ ಬೆಳಗಾಗುತ್ತದೆ.

ವಿದ್ಯಾರ್ಥಿಗಳು ಪ್ರತಿ ಚಿತ್ರದೊಡನೆ ದಿನಾಂಕ, ಸ್ಥಳ, ಗಿಡದ ಹೆಸರು ಬರೆದಿಡಲಿ. ಗಿಡದ ಹೆಸರು ತಿಳಿಯದಿದ್ದರೆ ಊರಿನ ಕುರಿಗಾಹಿಗಳನ್ನು, ಹಿರಿಯರನ್ನು ಕೇಳಲಿ. ಗುಡ್ಡದಲ್ಲಿ ಏನಿದೆಯೆಂಬ ದಾಖಲೆ ಇಲ್ಲದಿದ್ದಾಗ, ಅಲ್ಲಿ ಏನೂ ಇಲ್ಲವೆಂದು ವಾದಿಸುವುದು ಬಲು ಸುಲಭ. ಗುಡ್ಡವನ್ನು ಅಗೆಯಲು, ಮಾರಲು ಬರುವವರ ಮುಂದೆ ಇಡಲು ಊರಿನ ಬಳಿ ಇಂಥದೊಂದು ಚಿತ್ರಗಳ ಕಟ್ಟು ಸಿದ್ಧವಾಗಿರಬೇಕು.