ಗಾಜು ಉಜ್ಜೋ ಮೆಷಿನ್ ತಗೊಳ್ಳೋ ಮುಂಚೆ ನೀರಿನ ದಾರಿ ನೋಡಿ

ಅರಸೀಕೆರೆಯಿಂದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಖಾಲಿ ಬಾಟಲಿ ಕತ್ತರಿಸಿ ಲೋಟ, ದೀಪ, ಪುಟ್ಟ ಕುಂಡ ಮಾಡಿ ಬೇಲೂರು, ಹಳೇಬೀಡಿಗೆ ಬರೋ ಪ್ರವಾಸಿಗರಿಗೆ ಮಾರಬೇಕು ಅನ್ನೋದು ಅವರ ಯೋಚನೆ. 2023ರ ಸೆಪ್ಟೆಂಬರ್‌ನಲ್ಲಿ ಈ ದೇವಸ್ಥಾನಗಳು ಯುನೆಸ್ಕೋ ಪಟ್ಟಿ ಸೇರಿವೆ, ಹಾಗಾಗಿ ಯೋಚನೆ ತಪ್ಪಲ್ಲ. ಆದ್ರೆ ಕತ್ತರಿಸಿದ ಗಾಜಿನ ಅಂಚು ಬ್ಲೇಡ್ ಇದ್ದ ಹಾಗೆ ಇರುತ್ತೆ. ತುಟಿ ಇಡೋ ಲೋಟಕ್ಕೆ ಅದು ಆಗೋದಿಲ್ಲ. ಅದನ್ನ ಉಜ್ಜೋಕೆ ವೆಟ್ ಬೆಲ್ಟ್ ಸ್ಯಾಂಡರ್ ಬೇಕು, ಸಾಲ ಮಾಡಿ ತಗೋತಿದ್ದೀನಿ, ಎಷ್ಟು ಎಚ್‌ಪಿ ಇರಬೇಕು ಅಂತ ಕೇಳಿದ್ದಾರೆ.

ಎಚ್‌ಪಿ ಆಮೇಲೆ ನೋಡೋಣ. ಮೊದಲು ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕು.

ಮೆಷಿನ್ ಸರಳವಾದದ್ದೇ. ಎರಡು ರೋಲರ್, ಅವುಗಳ ಮೇಲೆ ಸುತ್ತೋ ಉಪ್ಪು ಕಾಗದದಂಥ ಬೆಲ್ಟ್, ಅದರ ಮೇಲೆ ಸದಾ ಬೀಳೋ ನೀರು. ಮರಗೆಲಸದವರ ಹತ್ತಿರ ಇರೋದು ಇದೇ, ಆದ್ರೆ ನೀರಿಲ್ಲ. ಆ ನೀರಿಗೇ ಇಷ್ಟು ಬೆಲೆ ಯಾಕೆ?

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಕನ್ನಡಿ ಥರ ಹೊಳೆಯೋ ಕಂಬಗಳನ್ನ ನೋಡಿರ್ತೀರ. ಅರಸೀಕೆರೆಯಲ್ಲೇ 1220ರ ಈಶ್ವರ ದೇವಸ್ಥಾನ ಇದೆ, ಅದನ್ನ ಜನ ಯಾಕೋ ಕಮ್ಮಿ ನೋಡ್ತಾರೆ. ಇವೆಲ್ಲ ಬಳಪದ ಕಲ್ಲು. ಮೆತ್ತಗಿನ ಕಲ್ಲು, ಉಜ್ಜಿದ್ರೆ ನುಣ್ಣಗಾಗುತ್ತೆ. ಗಾಜಿನ ಗುಣ ಬೇರೆ. ಅದು ಗಟ್ಟಿ, ಆದ್ರೆ ಬಿಸಿ ತಡೆಯೋದಿಲ್ಲ. ಬೆಲ್ಟ್ ತಾಗಿದ ಜಾಗ ಬಿಸಿಯಾಗಿ ಹಿಗ್ಗುತ್ತೆ, ಪಕ್ಕದ ಜಾಗ ತಣ್ಣಗೇ ಇರುತ್ತೆ, ಟಪ್ ಅಂತ ಬಿರುಕು. ಬಾಟಲಿ ಗಾಜಂತೂ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅದಕ್ಕೆ ಇನ್ನೂ ಬೇಗ ಒಡೆಯುತ್ತೆ. ನೀರು ಆ ಬಿಸಿ ಎಳ್ಕೊಳ್ಳುತ್ತೆ, ಗಾಜಿನ ಪುಡಿ ಗಾಳಿಗೆ ಹಾರದ ಹಾಗೆ ನೋಡ್ಕೊಳ್ಳುತ್ತೆ, ಬೆಲ್ಟ್ ಕಟ್ಕೊಳ್ಳದ ಹಾಗೆ ತೊಳೀತಾನೂ ಇರುತ್ತೆ. (ಬೇಲೂರಿನ ದರ್ಪಣ ಸುಂದರಿ ಕೈಯಲ್ಲಿರೋದು ಗಾಜಿನ ಕನ್ನಡಿ ಅಂದ್ಕೋಬೇಡಿ, ಆ ಕಾಲದ ಕನ್ನಡಿ ಅಂದ್ರೆ ಉಜ್ಜಿ ಹೊಳಪು ಬರಿಸಿದ ಲೋಹ.)

ಹಾಗಾಗಿ ಅಂಗಡಿಯಲ್ಲಿ ಮೊದಲ ಪ್ರಶ್ನೆ: ನೀರು ಬೆಲ್ಟಿನ ಪೂರ್ತಿ ಅಗಲಕ್ಕೆ ಬೀಳುತ್ತಾ, ನಡುವೆ ಒಂದೇ ಹನಿ ಬೀಳುತ್ತಾ? ವೇಗ ಕಮ್ಮಿ ಜಾಸ್ತಿ ಮಾಡೋಕೆ ಬರುತ್ತಾ? ಬೆಲ್ಟ್ ತುಂಬ ಜೋರಾಗಿ ಓಡಿದ್ರೆ ನೀರನ್ನೆಲ್ಲ ಎರಚಿ ಹಾಕುತ್ತೆ, ಗಾಜಿಗೆ ಸಿಗೋದೇ ಇಲ್ಲ. ಬೋರ್‌ವೆಲ್ ನೀರು ಗಡಸಾಗಿದ್ರೆ ಸಣ್ಣ ನಳಿಕೆ ಬಿಳಿ ಕಟ್ಟಿ ಮುಚ್ಚಿಹೋಗುತ್ತೆ, ಬಿಚ್ಚಿ ತೊಳೆಯೋ ಥರದ್ದು ತಗೊಳ್ಳಿ. ಬರದ ತಾಲ್ಲೂಕಲ್ಲಿ ಕೂತು ನೀರು ಸುಮ್ನೆ ಹರಿಸೋಕೂ ಆಗಲ್ಲ. ಬಕೆಟ್‌ನಿಂದ ಪಂಪಲ್ಲಿ ಎತ್ತಿ ಮತ್ತೆ ಬಳಸೋ ವ್ಯವಸ್ಥೆ ಇರಲಿ, ಆದ್ರೆ ಎರಡು ಬಕೆಟ್. ಮೊದಲನೆಯದರಲ್ಲಿ ಗಾಜಿನ ಕೆಸರು ತಳಕ್ಕೆ ಕೂರಬೇಕು, ಮೇಲಿನ ತಿಳಿ ನೀರು ಎರಡನೆಯದಕ್ಕೆ ಹೋಗಬೇಕು. ಇಲ್ದಿದ್ರೆ ಒರಟು ಪುಡಿ ವಾಪಸ್ ಬಂದು ನುಣ್ಣಗೆ ಮಾಡಿದ ಅಂಚಿಗೇ ಗೀರು ಹಾಕುತ್ತೆ.

ಈಗ ಕರೆಂಟ್. ಇದರಲ್ಲಿ ರಾಜಿ ಬೇಡ. ಮರದ ಸ್ಯಾಂಡರ್ ಕಮ್ಮಿ ಬೆಲೆಗೆ ತಂದು ಸ್ಪ್ರೇ ಬಾಟಲಿಯಲ್ಲಿ ನೀರು ಹೊಡ್ಕೊಂಡು ಕೆಲಸ ಮಾಡೋ ವಿಡಿಯೋಗಳಿವೆ. ದಯವಿಟ್ಟು ಮಾಡಬೇಡಿ. ಆ ಮೋಟರ್ ಗಾಳಿ ಎಳ್ಕೊಂಡು ತಣ್ಣಗಾಗೋದು, ಗಾಳಿ ಹೋಗೋ ಕಡೆ ನೀರೂ ಹೋಗುತ್ತೆ, ನಿಮ್ಮ ಕೈಯೂ ಒದ್ದೆ. ಮೋಟರ್ ಮೇಲೆ ಐಪಿ ಅಂತ ಎರಡು ಅಂಕಿ ಬರೆದಿರ್ತಾರೆ, ಎರಡನೆಯದು ನೀರಿಂದು. 4 ಅಂದ್ರೆ ಎರಚಲು ತಡೆಯುತ್ತೆ, 5 ಅಂದ್ರೆ ಪೈಪಿನ ಧಾರೆ ತಡೆಯುತ್ತೆ. ಐಪಿ 54ಕ್ಕಿಂತ ಕೆಳಗಿನದು ಬೇಡ. ಅರ್ಥಿಂಗ್ ಸರಿ ಇರಲಿ, ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಹಾಕ್ಸಿ. ಮನೇಲಿ ಎಂಸಿಬಿ ಇದೆಯಲ್ಲ ಅಂತೀರಾ? ಅದು ವೈರ್ ಸುಡದ ಹಾಗೆ ನೋಡ್ಕೊಳ್ಳೋಕೆ. ಶಾಕ್‌ನಿಂದ ಮನುಷ್ಯರನ್ನ ಉಳಿಸೋದು ಆರ್‌ಸಿಸಿಬಿ.

ಎಚ್‌ಪಿ ವಿಷಯ ಅಂದ್ರೆ, ಬಾಟಲಿ ಅಂಚಿಗೆ ಅರ್ಧ ಎಚ್‌ಪಿ, ಅಂದ್ರೆ ಸುಮಾರು 373 ವ್ಯಾಟ್, ಸಾಕು. ಗಾಜನ್ನ ಒತ್ತಿ ಹಿಡಿಯೋ ಕೆಲಸವೇ ಅಲ್ಲ ಇದು.

ಬೆಲ್ಟ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ದುಡ್ಡು ಹೋಗೋದು ಅಲ್ಲೇ. ಗಾಜಿಗೆ ಸಿಲಿಕಾನ್ ಕಾರ್ಬೈಡ್ ಬೆಲ್ಟ್ ಬೇಕು, ಅದೂ ನೀರು ತಡೆಯೋ ಬಟ್ಟೆಯದ್ದು. ಪೇಪರ್ ಹಿಂಬದಿಯದ್ದು ನೀರಲ್ಲಿ ನೆನೆದು ಹರಿಯುತ್ತೆ. ಕಂದು ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಮರ, ಕಬ್ಬಿಣಕ್ಕೆ. 120ರಿಂದ ಶುರು ಮಾಡಿ 220, 400, 600 ಗ್ರಿಟ್‌ವರೆಗೆ ಹೋದ್ರೆ ಅಂಚು ಮಂಜು ಮಂಜಾಗಿ ನುಣ್ಣಗಾಗುತ್ತೆ, ಲೋಟಕ್ಕೆ ಸಾಕು. ಪೂರ್ತಿ ಹೊಳಪು ಬೇಕಂದ್ರೆ ಕಾರ್ಕ್ ಬೆಲ್ಟಿಗೆ ಸೀರಿಯಂ ಆಕ್ಸೈಡ್ ಹಚ್ಚಿ ಉಜ್ಜಬೇಕು.

ನಾನು ಬಿಕಾಂ ಓದಿದವನು, ಲೆಕ್ಕ ಹಾಕದೆ ಬಿಡಲ್ಲ. ಸುಮ್ನೆ ಉದಾಹರಣೆಗೆ: ಒಂದು ಬೆಲ್ಟ್ 300 ರೂಪಾಯಿ, ನಾಲ್ಕು ಗ್ರಿಟ್‌ಗೆ 1,200. ಆ ಸೆಟ್ಟಲ್ಲಿ 30 ಲೋಟ ಆದ್ರೆ, ಲೋಟಕ್ಕೆ 40 ರೂಪಾಯಿ ಬೆಲ್ಟಿಗೇ ಹೋಯ್ತು. 60 ಆದ್ರೆ 20. ಮೆಷಿನ್ ಬೆಲೆ ಒಂದು ಸಲ ಕೊಡೋದು, ಇದು ಪ್ರತಿ ಲೋಟಕ್ಕೂ ಕೊಡೋದು. ಅದಕ್ಕೇ ಬೆಲ್ಟ್ ಅಳತೆ ನೋಡಿ. 100 ಎಂಎಂ ಅಗಲ, 915 ಎಂಎಂ ಉದ್ದದಂಥ ಸಾಮಾನ್ಯ ಅಳತೆ ಆದ್ರೆ ಯಾರ ಹತ್ರ ಬೇಕಾದ್ರೂ ತರಿಸ್ಬಹುದು. ವಿಚಿತ್ರ ಅಳತೆ ಆದ್ರೆ ಮಾರಿದವನು ಹೇಳಿದ್ದೇ ರೇಟು.

ಸಾಲದ ಬಗ್ಗೆ ಒಂದು ಮಾತು. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಲ್ಲು ಕೆತ್ತೋರು ಇದ್ದಾರೆ, ಗಾಜಿನ ಕೆಲಸ ಇಲ್ಲ. ಅದನ್ನ ನಂಬ್ಕೊಂಡು ಅಡ್ವಾನ್ಸ್ ಕೊಡಬೇಡಿ. ನನ್ನ ಕೇಳಿದ್ರೆ ಮೊದಲ 20 ಲೋಟ ಕೈಯಲ್ಲೇ ಮಾಡಿ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತೆ, ಸಮತಟ್ಟು ಗಾಜಿನ ಮೇಲೆ ಇಟ್ಟು, ನೀರು ಹಾಕಿ, ಬಾಟಲಿ ಬೋರಲು ಹಾಕಿ ತಿರುಗಿಸಿ ಉಜ್ಜಿ. ತೋಳು ನೋಯುತ್ತೆ. ಆದ್ರೆ ಆ 20 ಮಾರಾಟ ಆಗುತ್ತಾ ಅಂತ ಇಎಂಐ ಶುರುವಾಗೋ ಮುಂಚೆ ಗೊತ್ತಾಗುತ್ತೆ.

ಹಳೇ ಕಾರಿನ ಬಾಗಿಲ ಗಾಜು ತಂದು ಉಜ್ಜೋಕೆ ಹೋಗಬೇಡಿ, ಅದು ಟಫನ್ಡ್, ಪೂರ್ತಿ ಪುಡಿಪುಡಿ ಆಗುತ್ತೆ. ಕನ್ನಡಕ ಹಾಕ್ಕೊಳ್ಳಿ, ದುಪಟ್ಟಾ, ಸಡಿಲ ತೋಳು, ಬಟ್ಟೆ ಗ್ಲೌಸ್ ಬೆಲ್ಟ್ ಹತ್ರ ಬೇಡ.

ಇನ್ನು ಧೂಳು. ಗ್ರಾನೈಟ್ ಧೂಳಲ್ಲಿರೋ ಹರಳು ಸಿಲಿಕಾದಿಂದ ಸಿಲಿಕೋಸಿಸ್ ಬರುತ್ತೆ, ಬಂದ ಮೇಲೆ ಗುಣ ಮಾಡೋ ಔಷಧ ಇಲ್ಲ. ಗಾಜಲ್ಲಿರೋ ಸಿಲಿಕಾ ಹರಳಿನ ರೂಪದ್ದಲ್ಲ, ಅಷ್ಟು ಅಪಾಯ ಇಲ್ಲ, ಆದ್ರೆ ಕಣ್ಣು, ಗಂಟಲು ಕೆರೆಯೋದು ಖಂಡಿತ. ಪಕ್ಕದವರು ಗ್ರಾನೈಟ್ ತುಂಡು ತಂದು "ಒಂಚೂರು ಉಜ್ಜಿ ಕೊಡಿ ಅಣ್ಣ" ಅಂದ್ರೆ ನೀರು ನಿಲ್ಲಿಸಿ ಉಜ್ಜಬೇಡಿ. ಸಂಜೆ ಬಕೆಟ್ ತಳದ ಕೆಸರನ್ನ ಒಣಗೋ ಮುಂಚೆ ಬಳಿದು ದಪ್ಪ ಕವರ್‌ಗೆ ಹಾಕಿ ಕಟ್ಟಿ. ಮೋರಿಗೆ ಸುರಿದ್ರೆ ಪೈಪಲ್ಲಿ ಸಿಮೆಂಟ್ ಥರ ಕೂರುತ್ತೆ. ಮೆಷಿನ್ ಮೇಲೆ ಅಂಟಿರೋದನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಬೇಡ.