ಅಡಗಿಸಿಟ್ಟ ಅಂಕಪಟ್ಟಿ

(ಪದವಿ ತರಗತಿಗಳಿಗೆ ಹೊಸದಾಗಿ ಸೇರ್ಪಡೆಗೊಂಡ ವಿದ್ಯಾರ್ಥಿಗಳು ಹಾಗೂ ಅವರ ಹೆತ್ತವರ ಸಭೆಯಲ್ಲಿ, ಊರಿನ ಪದವೀಧರರ ಪರವಾಗಿ ಮಾಡಲಾದ ಭಾಷಣದ ಬರಹ ರೂಪ)



ಇಂತಹ ಸಭೆಗಳಲ್ಲಿ ವಿದ್ಯೆಯ ಮಹತ್ವವನ್ನು ಬಣ್ಣಿಸುವುದು ವಾಡಿಕೆ. ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣಗೊಂಡ ಪ್ರಥಮ ದಿವ್ಯವಾಣಿಯು ಓದಿನ ಆದೇಶದಿಂದಲೇ ಆರಂಭವಾಯಿತೆಂಬುದನ್ನು ನೀವು ಮದ್ರಸದಲ್ಲೇ ಕಲಿತಿದ್ದೀರಿ. ಅದನ್ನು ನಾವು ಪುನರಾವರ್ತಿಸುವುದಿಲ್ಲ. ಕಾಲೇಜು ಸೇರಿದ ನಮ್ಮ ಮಕ್ಕಳು ಅರ್ಧದಲ್ಲೇ ಹೊರಬರುವುದೇಕೆ ಎಂಬ ಒಂದೇ ವಿಷಯವನ್ನು ನಿಮ್ಮ ಮುಂದಿಡುತ್ತೇವೆ.

2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡಿಸಲಾದ ಸಾಚಾರ್ ಸಮಿತಿಯ ವರದಿಯು, ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಮಂದಿಗೆ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ 50 ಮಂದಿಗೆ ಒಬ್ಬ ಮಾತ್ರ ಮುಸ್ಲಿಮನೆಂದು ಹೇಳಿತ್ತು. ಅಂದಿನಿಂದ ನಮ್ಮ ವೇದಿಕೆಗಳಲ್ಲಿ ಈ ಅಂಕಿಅಂಶ ಉದ್ಧರಿಸಲ್ಪಡುತ್ತಲೇ ಇದೆ. ಸರಕಾರಗಳ ನಿಲುವನ್ನು ನಾವು ಖಂಡಿಸುತ್ತೇವೆ, ಖಂಡಿಸಬೇಕಾದುದೇ. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಲ್ಪಟ್ಟದ್ದು 2022ರಲ್ಲಿ. ಅದೇ ವರ್ಷ ಉಡುಪಿ, ಕುಂದಾಪುರಗಳಲ್ಲಿ ನಮ್ಮ ಹೆಣ್ಣುಮಕ್ಕಳು ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕಾಯಿತು. ಅದು ಮರೆಯುವಂಥದ್ದಲ್ಲ. ಆದರೆ ಗೇಟು ದಾಟಿ ಒಳಹೋದವರನ್ನು ನಾವೇ ಕಳೆದುಕೊಳ್ಳುತ್ತಿದ್ದೇವಲ್ಲ, ಅದರ ಲೆಕ್ಕ ಇಡುವವರು ಯಾರು?

ಇದೇ ಪೇಟೆಯಿಂದ ನಾವು ಹನ್ನೊಂದು ಮಂದಿ ಒಟ್ಟಿಗೆ ಕಾಲೇಜು ಸೇರಿದ್ದೆವು. ಪದವಿ ಪೂರೈಸಿದವರು ಏಳು. ಉಳಿದ ನಾಲ್ವರಲ್ಲಿ ಶುಲ್ಕ ಪಾವತಿಸಲಾಗದೆ ಬಿಟ್ಟವನು ಒಬ್ಬನೇ. ಇನ್ನೊಬ್ಬ ಗೆಳೆಯ ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗನಾಗಿದ್ದವನು. ಕಾಲೇಜಿನಲ್ಲಿ ಉಪನ್ಯಾಸಕರ ಇಂಗ್ಲಿಷ್ ಅವನಿಗೆ ಅರ್ಥವಾಗುತ್ತಿರಲಿಲ್ಲ. ಎದ್ದು ನಿಂತು ಕೇಳಲು ನಾಚಿಕೆ. ಪ್ರಥಮ ಸೆಮಿಸ್ಟರ್‌ನ ಲೆಕ್ಕಶಾಸ್ತ್ರದಲ್ಲಿ ಅನುತ್ತೀರ್ಣನಾದ. ಅಂಕಪಟ್ಟಿಯನ್ನು ಅಡುಗೆಮನೆಯ ಅಟ್ಟದಲ್ಲಿ ಅಡಗಿಸಿಟ್ಟ. ಬಳಿಕ ಪ್ರತಿದಿನ ಬೆಳಿಗ್ಗೆ ಬುತ್ತಿಯೊಂದಿಗೆ ಮನೆಯಿಂದ ಹೊರಟು, ಮೀನುಗಾರಿಕಾ ಧಕ್ಕೆಯಲ್ಲಿ ಸಂಜೆಯವರೆಗೆ ಕುಳಿತು ಮರಳುತ್ತಿದ್ದ. ಹಾಜರಾತಿ ಕುಸಿಯಿತು. ಮನೆಯವರಿಗೆ ವಿಷಯ ತಿಳಿಯುವಾಗ ವರ್ಷವೇ ಕಳೆದಿತ್ತು. ತಂದೆ ಪಾಸ್‌ಪೋರ್ಟ್ ಮಾಡಿಸಿದರು. ಇಂದು ಅವನು ಗಲ್ಫಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಹೌದು, ಲೆಕ್ಕವನ್ನೇ!

ಅವನು ಸೋತದ್ದು ಒಂದೇ ವಿಷಯದಲ್ಲಿ. ಅದನ್ನು ಮತ್ತೆ ಬರೆಯುವ ಅವಕಾಶವಿತ್ತು. ಅವನು ಧಕ್ಕೆಯಲ್ಲಿ ಕುಳಿತಿರುತ್ತಾನೆಂಬುದು ನಮಗೆ ತಿಳಿದಿತ್ತು. ನಾವು ಉಪನ್ಯಾಸಕರಿಗೆ ಹೇಳಲಿಲ್ಲ, ಅವನ ತಂದೆಗೂ ಹೇಳಲಿಲ್ಲ. ಗುಟ್ಟು ಕಾಪಾಡುವುದೇ ಸ್ನೇಹವೆಂದು ಭಾವಿಸಿದ್ದೆವು. ಆ ತಪ್ಪಿನ ಹೊಣೆ ನಮ್ಮ ಮೇಲಿದೆ. ಇಂದು ನಿಮ್ಮ ಮುಂದೆ ನಿಂತಿರುವುದೂ ಅದಕ್ಕಾಗಿಯೇ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಗ ಅಂಕಪಟ್ಟಿಯನ್ನು ಅಡಗಿಸಿಡುವುದು ಮನೆಯ ಭಯದಿಂದ. ಸೆಮಿಸ್ಟರ್‌ಗೆ ಒಮ್ಮೆಯಾದರೂ ಕಾಲೇಜಿಗೆ ಹೋಗಿ ಉಪನ್ಯಾಸಕರನ್ನು ಕಾಣಿರಿ. ನಿಮಗೆ ಇಂಗ್ಲಿಷ್ ಬಾರದಿದ್ದರೇನು, ಅವರಿಗೆ ಕನ್ನಡ ಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ನಮ್ಮ ನ್ಯಾಯವೇ ಬೇರೆ. ಅಣ್ಣ ಅನುತ್ತೀರ್ಣನಾದಾಗ ಟ್ಯೂಷನ್‌ಗೆ ಕಳುಹಿಸಿ, ತಂಗಿ ಅನುತ್ತೀರ್ಣಳಾದಾಗ ಅದೇ ವಾರ ವರನನ್ನು ಹುಡುಕತೊಡಗಿದ ಮನೆಯನ್ನು ನಾವು ಕಂಡಿದ್ದೇವೆ. ಇದಕ್ಕೆ ಧರ್ಮದಲ್ಲಿ ಯಾವ ಆಧಾರವಿದೆಯೆಂದು ಆ ಮನೆಯವರನ್ನು ಕೇಳುವ ಧೈರ್ಯ ನಮ್ಮ ಜಮಾಅತಿನಲ್ಲಿ ಯಾರಿಗೂ ಬರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಭಾಷೆಯ ಕುರಿತು ಅಂಜಬೇಡಿ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಮದ್ರಸದಲ್ಲಿ ಅರಬಿ ಅಕ್ಷರ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ - ಇಷ್ಟನ್ನು ಅರಗಿಸಿಕೊಂಡವರಿಗೆ ಇನ್ನೊಂದು ಭಾಷೆ ಅಸಾಧ್ಯವೇ? 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್‌ರು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ್ದು, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಆ ಕನ್ನಡದಲ್ಲೇ ಅವರು ಬರೆದರು. ನಮ್ಮಲ್ಲಿ ಪಾರಾದವರೂ ಯಾವ ಪವಾಡದಿಂದಲೂ ಪಾರಾಗಲಿಲ್ಲ. ಅರ್ಥವಾಗದ ಪಾಠವನ್ನು ಅಂದೇ ಸಂಜೆ ಸಹಪಾಠಿಯೊಬ್ಬನಿಂದ ಕನ್ನಡದಲ್ಲಿ ಕೇಳಿ ತಿಳಿದುಕೊಂಡೆವು. ಹಾಗೆ ಕಲಿಸಿಕೊಟ್ಟವರಲ್ಲಿ ಹೆಚ್ಚಿನವರು ಹಿಂದೂ, ಕ್ರೈಸ್ತ ಗೆಳೆಯರೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಕೊನೆಯ ಬೆಂಚಿನಲ್ಲಿ ನಮ್ಮವರೇ ಗುಂಪುಗೂಡಿ ಕುಳಿತಿದ್ದರೆ ಈ ಗೆಳೆತನ ದೊರೆಯುತ್ತಿರಲಿಲ್ಲ.

ಇನ್ನು ಕಾಗದಪತ್ರಗಳ ಮಾತು. ಸಣ್ಣ ವಿಷಯವೆಂದು ಕಡೆಗಣಿಸಬೇಡಿ. ಮುಹಮ್ಮದ್ ಎಂಬ ಒಂದೇ ಹೆಸರು ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಬ್ಯಾಂಕ್ ಪುಸ್ತಕದಲ್ಲಿ ಎರಡೇ ಇಂಗ್ಲಿಷ್ ಅಕ್ಷರಗಳ ಸಂಕ್ಷೇಪ. ಇಷ್ಟಕ್ಕೇ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗುವುದುಂಟು. ಆದಾಯ ಪ್ರಮಾಣಪತ್ರಕ್ಕೆ ಕೊನೆಯ ದಿನದವರೆಗೆ ಕಾಯಬೇಡಿ.

ಮುಂದಿನ ರವಿವಾರ ಅಸರ್ ನಮಾಝಿನ ಬಳಿಕ ನಮ್ಮಲ್ಲಿ ನಾಲ್ವರು ಇದೇ ಸಭಾಂಗಣದಲ್ಲಿರುತ್ತೇವೆ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕಗಳನ್ನು ತನ್ನಿರಿ, ಹೆಸರುಗಳನ್ನು ಒಟ್ಟಿಗೆ ಕುಳಿತು ತಾಳೆ ನೋಡೋಣ. ಕಳೆದ ವರ್ಷ ಯಾವುದಾದರೂ ವಿಷಯ ಬಾಕಿ ಉಳಿಸಿಕೊಂಡವರು ನಿಮ್ಮ ನೆರೆಹೊರೆಯಲ್ಲಿದ್ದರೆ ಅವರನ್ನೂ ಕರೆತನ್ನಿರಿ. ಅವರ ಅಂಕಪಟ್ಟಿಯನ್ನು ನಾವು ಯಾರಿಗೂ ತೋರಿಸುವುದಿಲ್ಲ.